ಕಳಿಸಿದಲ್ಲಿಗೆ ಹೋದ ದೊಡ್ಡಸ್ವಾಮಿ

ನಮ್ಮ ಹೊಸೂರು, ಕೃಷ್ಣಗಿರಿ ಕಡೆಯ ಕ್ರೈಸ್ತ ಊರುಗಳಲ್ಲಿ ಸ್ವಾಮಿಗಳು ಬದಲಾಗುತ್ತಲೇ ಇರುತ್ತಾರೆ. ಜನ ಹೊಂದಿಕೊಳ್ಳುವಷ್ಟರಲ್ಲಿ ಬಿಷಪ್ಪರ ಕಾಗದ ಬರುತ್ತದೆ, ಸ್ವಾಮಿಗಳು ಪೆಟ್ಟಿಗೆ ಕಟ್ಟುತ್ತಾರೆ. ಇದೂ ಸರ್ಕಾರಿ ನೌಕರರ ಟ್ರಾನ್ಸ್‌ಫರ್ ಇದ್ದ ಹಾಗೇ ಅಲ್ವೇ ಅಂತ ಕೇಳುವವರುಂಟು. ಅಲ್ಲ. ಹಿರಿಯರು ಹೇಳಿದಂತೆ ನಡೆಯುತ್ತೇನೆಂದು ಕಥೋಲಿಕ ಪಾದ್ರಿ ದೀಕ್ಷೆಯ ದಿನವೇ ವಚನ ಕೊಟ್ಟಿರುತ್ತಾರೆ. ಹಿರಿಯರ ಅಪ್ಪಣೆಯಲ್ಲಿ ದೇವರ ಅಪ್ಪಣೆಯೂ ಇದೆ ಅನ್ನೋದು ಅವರ ನಂಬಿಕೆ. ಆ ವಚನದ ಭಾರ ಎಷ್ಟು ಅಂತ ತಿಳಿಯಲು ನಾನು ಅಬ್ಬೆ ದುಬ್ವಾರ ಬದುಕನ್ನು ನೋಡುತ್ತೇನೆ.

ದುಬ್ವಾ ಹುಟ್ಟಿದ್ದು 1766ರಲ್ಲಿ, ಫ್ರಾನ್ಸಿನ ಅರ್ದೆಷ್ ಸೀಮೆಯಲ್ಲಿ. 1792ರಲ್ಲಿ ಪಾದ್ರಿಯಾದರು. ಆಗ ಅಲ್ಲಿ ಕ್ರಾಂತಿಯ ಬಿರುಗಾಳಿ. ಅದೇ ವರ್ಷ ಪ್ಯಾರಿಸ್ ವಿದೇಶ ಮಿಷನ್ ಸಂಘ ಅವರನ್ನು ಹಿಂದೂಸ್ಥಾನಕ್ಕೆ ಕಳಿಸಿತು. ನಮ್ಮ ಬಾರಾಮಹಲ್ ಟಿಪ್ಪುವಿನಿಂದ ಕಂಪನಿ ಕೈಗೆ ಹೋದದ್ದೂ ಅದೇ 1792ರಲ್ಲಿ. ಈ ಸೀಮೆಗೆ ಹಿಂದೆ ಬರುತ್ತಿದ್ದ ಜೆಸ್ವಿತರ ಸಂಘವನ್ನು ಪೋಪರು 1773ರಲ್ಲೇ ರದ್ದು ಮಾಡಿದ್ದರು. ಕೇಳುವವರಿಲ್ಲದ ಮಂದೆಯ ಭಾರ ಫ್ರೆಂಚ್ ಪಾದ್ರಿಗಳ ಹೆಗಲಿಗೆ ಬಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದುಬ್ವಾ ಅಲ್ಲಿಗೆ ಹೋದರು. ಟಿಪ್ಪು ಕಾಲದಲ್ಲಿ ಬಲವಂತಕ್ಕೆ ಮತ ಬಿಟ್ಟಿದ್ದ ಕ್ರೈಸ್ತರು ಚೆದುರಿಹೋಗಿದ್ದರು. ಅವರನ್ನು ದೂರ ಇಡಲಿಲ್ಲ, ಮರಳಿ ಸೇರಿಸಿಕೊಂಡರು. ಹೊಟ್ಟೆಗಿಲ್ಲದವರಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು. ತಾವೂ ಈ ದೇಶದವರಂತೆ ಉಟ್ಟು, ಉಂಡು ಬದುಕಿದರು. ಜನ ದೊಡ್ಡಸ್ವಾಮಿಯವರು ಅಂತ ಕರೆದರು. ಗಂಜಾಮಿನಲ್ಲಿ ಅವರ ಹೆಸರಿನ ಚರ್ಚು ಇಂದಿಗೂ ಇದೆ.

ಸಿಡುಬಿನ ಕೆಲಸವನ್ನು ಮರೆಯುವಂತಿಲ್ಲ. ಹಸುವಿನ ಸಿಡುಬಿನಿಂದ ಮಾಡುವ ಜೆನ್ನರನ ಲಸಿಕೆ ನಮ್ಮ ದೇಶಕ್ಕೆ ಬಂದದ್ದು 1802ರಲ್ಲಿ. ಅಮ್ಮನ ಮುನಿಸಿಗೆ ಮದ್ದೇ ಅಂತ ಜನ ಹೆದರುತ್ತಿದ್ದ ಕಾಲ. 1803-04ರಲ್ಲಿ ದುಬ್ವಾರ ಮುತುವರ್ಜಿಯಿಂದ ಮೈಸೂರು ಸೀಮೆಯ 25,432 ಜನಕ್ಕೆ ದೇವಿ ಹಾಕಿದರು. ಕಾರು, ಬಸ್ಸು ಇಲ್ಲದ ಕಾಲದಲ್ಲಿ ಇದು ಸಣ್ಣ ಲೆಕ್ಕವಲ್ಲ.

ಇಲ್ಲಿನ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕದ ಹಸ್ತಪ್ರತಿಯನ್ನು ಕಂಪನಿ 2000 ನಕ್ಷತ್ರ ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬಹುಪಾಲು ಜೆಸ್ವಿತ ಪಾದ್ರಿ ಕೊರ್ದೂ ಅವರ ಬರಹದಿಂದ ಬಂದದ್ದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಅದನ್ನೂ ಹೇಳಿಬಿಡುವುದು ನ್ಯಾಯ.

ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. 31 ವರ್ಷ ದುಡಿದು 1823ರಲ್ಲಿ ಪ್ಯಾರಿಸ್ಸಿಗೆ ಮರಳಿದ ಈ ಪಾದ್ರಿ, ಅದೇ ವರ್ಷ ಬಂದ ಇನ್ನೊಂದು ಪುಸ್ತಕದಲ್ಲಿ, ಹಿಂದೂಗಳನ್ನು ನಿಜವಾಗಿ ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತೆಂದು ಬರೆದರು. ಗದ್ದಲವಾಯಿತು. ಪ್ರಾಟೆಸ್ಟೆಂಟ್ ಪಾದ್ರಿ ಜೇಮ್ಸ್ ಹಫ್ ಉತ್ತರವಾಗಿ ಪುಸ್ತಕವನ್ನೇ ಬರೆದರು. ಫಸಲು ಬರೋದಿಲ್ಲ ಅಂತ ಗೊತ್ತಿದ್ದೂ ಉಳುಮೆ ಬಿಡದ ರೈತನ ಹಾಗೆ ದುಬ್ವಾ ನನಗೆ ಕಾಣುತ್ತಾರೆ. ಇರು ಎಂದಲ್ಲಿ ಇದ್ದರು, ಕೆಲಸ ನಿಲ್ಲಿಸಲಿಲ್ಲ. ಆದರೆ ಕಂಡದ್ದನ್ನು ಮುಚ್ಚಿಡಲೂ ಇಲ್ಲ. ವಿಧೇಯತೆ ಅಂದರೆ ಬಾಯಿಗೆ ಬೀಗ ಅಲ್ಲ ಅಂತ ಇದರಿಂದ ತಿಳಿಯುತ್ತದೆ.

ಹೀಗೆ ಎದುರು ಬರೆದವರನ್ನು ಸಂಘವೇನೂ ಮೂಲೆಗೆ ತಳ್ಳಲಿಲ್ಲ. 1836ರಿಂದ 1839ರವರೆಗೆ ಅವರೇ ಅದರ ಮುಖ್ಯಸ್ಥರು. ಅಪ್ಪಣೆ ಪಾಲಿಸಿದವರು ಅಪ್ಪಣೆ ಕೊಡುವವರಾದರು. ದೂರದೇಶಕ್ಕೆ ಹೊರಟ ಎಳೆಯ ಪಾದ್ರಿಗಳಿಗೆ ಅಲ್ಲಿನ ಬಿಸಿಲು, ಹಸಿವು, ಒಂಟಿತನ ಏನೆಂದು ಬಲ್ಲ ಹಿರಿಯರೊಬ್ಬರು ಸಿಕ್ಕರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ವಯಸ್ಸು 82.

ಮನೆಯಿರಲಿ, ಮಂಡಿಯಿರಲಿ, ಪಂಚಾಯ್ತಿಯಿರಲಿ, ಹೇಳಿಸಿಕೊಂಡು ಗೊತ್ತಿಲ್ಲದವರ ಕೈಗೆ ಯಜಮಾನಿಕೆ ಸಿಕ್ಕರೆ ಏನಾಗುತ್ತದೆ ಅಂತ ನಾವೆಲ್ಲ ನೋಡಿದ್ದೇವೆ. ದೊಡ್ಡಸ್ವಾಮಿ ಅದಕ್ಕೆ ತಿರುಗುಮುರುಗು.