ರೆಡ್ ಕ್ರಾಸ್ ಕೈತಪ್ಪಿದರೂ ಸುಮ್ಮನೆ ಕೂರಲಿಲ್ಲ: 83ನೇ ವಯಸ್ಸಿನಲ್ಲಿ ಜನರಿಗೆ ಪ್ರಥಮ ಚಿಕಿತ್ಸೆ ಕಲಿಸಲು ಹೊರಟ ಕ್ಲಾರಾ ಬಾರ್ಟನ್

ಕ್ಲಾರಾ ಬಾರ್ಟನ್ ಎಂದರೆ ಅಮೆರಿಕದ ರೆಡ್ ಕ್ರಾಸ್ ಸ್ಥಾಪಕಿ ಎಂದು ಶಾಲೆಯಲ್ಲಿ ಓದಿರುತ್ತೇವೆ. ತಾನೇ ಕಟ್ಟಿದ ಆ ಸಂಸ್ಥೆಯಿಂದ 82ನೇ ವಯಸ್ಸಿನಲ್ಲಿ ಆಕೆ ಹೊರಬರಬೇಕಾಯಿತು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಅದಾಗಿ ಒಂದೇ ವರ್ಷಕ್ಕೆ ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆ ಕಲಿಸಲು ಆಕೆ ಇನ್ನೊಂದು ಸಂಘದ ಜೊತೆ ನಿಂತರು ಎಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು.

ಅಣ್ಣನ ಹಾಸಿಗೆಯೇ ಮೊದಲ ಪಾಠಶಾಲೆ

ಕ್ಲಾರಾ ಹುಟ್ಟಿದ್ದು 1821ರ ಡಿಸೆಂಬರ್ 25ರಂದು, ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಕ್ಸ್‌ಫರ್ಡ್‌ನಲ್ಲಿ. ಐವರು ಮಕ್ಕಳಲ್ಲಿ ಕೊನೆಯವಳು, ವಿಪರೀತ ನಾಚಿಕೆಯ ಹುಡುಗಿ. ಒಮ್ಮೆ ಅಣ್ಣ ಡೇವಿಡ್ ಕೊಟ್ಟಿಗೆಯ ಮಾಡಿನಿಂದ ಬಿದ್ದು ಹಾಸಿಗೆ ಹಿಡಿದ. ಸುಮಾರು ಎರಡು ವರ್ಷ ಅವನ ಪಕ್ಕದಲ್ಲಿ ಕೂತು ಔಷಧ ಕೊಟ್ಟು, ಆರೈಕೆ ಮಾಡಿದ್ದು ಈ ಪುಟ್ಟ ತಂಗಿ. ಅಣ್ಣ ಎದ್ದು ಓಡಾಡಿದ. ಕ್ಲಾರಾ ಮುಂದೆಂದೂ ನರ್ಸಿಂಗ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತರಬೇತಿ ಇಲ್ಲದವರೂ ಕಲಿತರೆ ಜೀವ ಉಳಿಸಬಲ್ಲರು ಎಂಬುದಕ್ಕೆ ಆಕೆಯ ಬದುಕೇ ಸಾಕ್ಷಿಯಾಯಿತು.

ಹದಿಹರೆಯದಲ್ಲೇ ಶಿಕ್ಷಕಿಯಾದ ಕ್ಲಾರಾ 1852ರಲ್ಲಿ ನ್ಯೂಜೆರ್ಸಿಯ ಬೋರ್ಡನ್‌ಟೌನ್‌ನಲ್ಲಿ ಉಚಿತ ಶಾಲೆ ತೆರೆದರು. ಬೆರಳೆಣಿಕೆಯ ಮಕ್ಕಳಿಂದ ಶುರುವಾದ ಶಾಲೆ ನೂರಾರು ಮಕ್ಕಳಿಗೆ ಬೆಳೆಯಿತು. ಆದರೆ ಶಾಲೆ ದೊಡ್ಡದಾದಾಗ ಮುಖ್ಯಸ್ಥನ ಕುರ್ಚಿಗೆ ಆಡಳಿತ ಮಂಡಳಿ ಹೆಚ್ಚಿನ ಸಂಬಳ ಕೊಟ್ಟು ಗಂಡಸೊಬ್ಬನನ್ನು ತಂದು ಕೂರಿಸಿತು. ಕ್ಲಾರಾ ರಾಜೀನಾಮೆ ಕೊಟ್ಟು ವಾಷಿಂಗ್ಟನ್‌ಗೆ ಹೋಗಿ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯಾದರು. ಕಟ್ಟಿದ್ದು ಕೈತಪ್ಪುವುದು ಆಕೆಯ ಬದುಕಿನಲ್ಲಿ ಅದೇ ಕೊನೆಯಲ್ಲ.

ಬ್ಯಾಂಡೇಜ್ ಇಲ್ಲದೆ ಜೋಳದ ಸಿಪ್ಪೆ!

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಬಾಲ್ಟಿಮೋರ್‌ನಲ್ಲಿ ಜನರ ದಾಳಿಗೆ ಸಿಕ್ಕಿ ಗಾಯಗೊಂಡ ಮ್ಯಾಸಚೂಸೆಟ್ಸ್ ಸೈನಿಕರನ್ನು ವಾಷಿಂಗ್ಟನ್‌ಗೆ ತರಲಾಯಿತು. ಅವರಲ್ಲಿ ಕೆಲವರು ಕ್ಲಾರಾಗೆ ಪರಿಚಯದವರೇ. ಮನೆಯಲ್ಲಿದ್ದ ಬಟ್ಟೆ, ಆಹಾರ ಹೊತ್ತು ಆಕೆ ಓಡಿದರು. ಅಲ್ಲಿಂದ ಆಕೆಯ ದಾರಿ ಬದಲಾಯಿತು.

ಯುದ್ಧಭೂಮಿಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಬೆನ್ನುಬಿದ್ದು 1862ರಲ್ಲಿ ಆಕೆ ಅನುಮತಿ ಪಡೆದರು. ಅದೇ ವರ್ಷ ಸೆಪ್ಟೆಂಬರ್ 17ರಂದು ನಡೆದ ಆಂಟೀಟಮ್ ಕಾಳಗ ಅಮೆರಿಕದ ಇತಿಹಾಸದಲ್ಲೇ ಒಂದೇ ದಿನದ ಅತ್ಯಂತ ರಕ್ತಸಿಕ್ತ ಕಾಳಗ. ಸಾಮಗ್ರಿ ತುಂಬಿದ ಬಂಡಿಯೊಂದಿಗೆ ಕ್ಲಾರಾ ಅಲ್ಲಿಗೆ ತಲುಪಿದಾಗ, ವೈದ್ಯರು ಬ್ಯಾಂಡೇಜ್ ಮುಗಿದು ಗಾಯಗಳಿಗೆ ಜೋಳದ ತೆನೆಯ ಸಿಪ್ಪೆ ಕಟ್ಟುತ್ತಿದ್ದರು. ಕತ್ತಲಾದ ಮೇಲೆ ಶಸ್ತ್ರಚಿಕಿತ್ಸೆಗೆ ಉಳಿದಿದ್ದು ಮೋಂಬತ್ತಿಯ ತುಣುಕು ಮಾತ್ರ. ಕ್ಲಾರಾರ ಬಂಡಿಯಲ್ಲಿ ಬ್ಯಾಂಡೇಜೂ ಇತ್ತು, ಲಾಟೀನುಗಳೂ ಇದ್ದವು. ಹಿಂದಿನ ಕಾಳಗಗಳಲ್ಲಿ ಕಂಡ ಕೊರತೆಯಿಂದ ಆಕೆ ಪಾಠ ಕಲಿತಿದ್ದರು.

ಅದೇ ದಿನ ಗಾಯಾಳುವೊಬ್ಬನಿಗೆ ನೀರು ಕುಡಿಸುತ್ತಿದ್ದಾಗ ಗುಂಡೊಂದು ಆಕೆಯ ಅಂಗಿಯ ತೋಳನ್ನು ಸೀಳಿಕೊಂಡು ಹೋಗಿ ಆತನನ್ನು ಬಲಿ ಪಡೆಯಿತು. ಇನ್ನೊಬ್ಬನ ಕೆನ್ನೆಯೊಳಗೆ ಸಿಕ್ಕಿದ್ದ ಗುಂಡನ್ನು, ಅವನೇ ಅಂಗಲಾಚಿದ್ದರಿಂದ, ಜೇಬಿನ ಚಾಕುವಿನಲ್ಲಿ ಆಕೆ ಹೊರತೆಗೆದರು.

ಯುದ್ಧ ಮುಗಿದ ಮೇಲೆ ನಾಪತ್ತೆಯಾದ ಸೈನಿಕರನ್ನು ಹುಡುಕುವ ಕಚೇರಿ ತೆರೆದರು. ಅಲ್ಲಿಗೆ 63 ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು. ಸುಮಾರು 22 ಸಾವಿರ ಸೈನಿಕರು ಏನಾದರು ಎಂಬುದು ಅವರವರ ಮನೆಯವರಿಗೆ ತಿಳಿಯಿತು.

ಯುದ್ಧವಿಲ್ಲದಾಗಲೂ ರೆಡ್ ಕ್ರಾಸ್

ದಣಿದ ದೇಹಕ್ಕೆ ವಿಶ್ರಾಂತಿ ಬೇಕೆಂದು 1869ರಲ್ಲಿ ಯುರೋಪ್‌ಗೆ ಹೋದ ಕ್ಲಾರಾಗೆ ಜಿನೀವಾದಲ್ಲಿ ರೆಡ್ ಕ್ರಾಸ್ ಪರಿಚಯವಾಯಿತು. ತಾಯ್ನಾಡಿಗೆ ಮರಳಿ ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದರು. ಕಡೆಗೆ 1881ರ ಮೇ 21ರಂದು ಅಮೆರಿಕದಲ್ಲೂ ಸಂಸ್ಥೆ ಹುಟ್ಟಿತು. ಮರುವರ್ಷ ಅಮೆರಿಕ ಜಿನೀವಾ ಒಪ್ಪಂದವನ್ನು ಒಪ್ಪಿಕೊಂಡಿತು.

ಇಲ್ಲಿ ಕ್ಲಾರಾ ಒಂದು ಹೊಸ ಹೆಜ್ಜೆ ಇಟ್ಟರು. ಯುದ್ಧ ಯಾವಾಗಲೋ ಒಮ್ಮೆ ಬರುತ್ತದೆ, ಆದರೆ ಪ್ರವಾಹ, ಕಾಳ್ಗಿಚ್ಚು, ಚಂಡಮಾರುತ ಪದೇ ಪದೇ ಬರುತ್ತವೆ. ಹಾಗಾಗಿ ಶಾಂತಿಕಾಲದ ವಿಪತ್ತುಗಳಲ್ಲೂ ರೆಡ್ ಕ್ರಾಸ್ ನೆರವಿಗೆ ಧಾವಿಸಬೇಕು ಎಂಬುದು ಆಕೆಯ ವಾದ. 1884ರಲ್ಲಿ ಜಿನೀವಾದ ಸಮ್ಮೇಳನ ಅದನ್ನು ಒಪ್ಪಿತು.

1889ರ ಮೇ 31ರಂದು ಪೆನ್ಸಿಲ್ವೇನಿಯಾದಲ್ಲಿ ಅಣೆಕಟ್ಟು ಒಡೆದು ಜಾನ್ಸ್‌ಟೌನ್ ಕೊಚ್ಚಿಹೋಯಿತು. 2,209 ಜನ ಸತ್ತರು. ಕ್ಲಾರಾ ತಂಡ ಕಟ್ಟಿಕೊಂಡು ಹೋಗಿ ಸುಮಾರು ಐದು ತಿಂಗಳು ಅಲ್ಲೇ ಉಳಿದು, ಮನೆ ಕಳೆದುಕೊಂಡವರಿಗೆ ತಾತ್ಕಾಲಿಕ ವಸತಿ ಕಟ್ಟಿಸಿದರು. 1900ರಲ್ಲಿ ಟೆಕ್ಸಾಸ್‌ನ ಗಾಲ್ವೆಸ್ಟನ್‌ಗೆ ಚಂಡಮಾರುತ ಅಪ್ಪಳಿಸಿದಾಗ ಆಕೆಗೆ 78 ವರ್ಷ. ಆಗಲೂ ಖುದ್ದಾಗಿ ಹೋದರು. ಬೆಳೆ ಕಳೆದುಕೊಂಡ ರೈತರಿಗೆ ಸ್ಟ್ರಾಬೆರಿ ಸಸಿಗಳನ್ನು ಹಂಚಿದರು. ಬರೀ ಊಟ ಕೊಟ್ಟರೆ ಸಾಲದು, ಜನ ಮತ್ತೆ ತಮ್ಮ ಕಾಲ ಮೇಲೆ ನಿಲ್ಲಬೇಕು ಎಂಬುದು ಆಕೆಯ ಲೆಕ್ಕಾಚಾರ.

ಲೆಕ್ಕಪತ್ರದ ಜಗಳ, ರಾಜೀನಾಮೆ

ಹೊಲದಲ್ಲಿ, ಕೆಸರಲ್ಲಿ ನಿಂತು ದುಡಿದ ಕ್ಲಾರಾಗೆ ಕಚೇರಿಯ ಶಿಸ್ತು ಒಗ್ಗಲಿಲ್ಲ. ಎಲ್ಲ ತೀರ್ಮಾನವೂ ಆಕೆಯದೇ, ಲೆಕ್ಕಪತ್ರ ಸರಿಯಿಲ್ಲ ಎಂಬ ದೂರುಗಳು ಎದ್ದವು. ದೂರಿನಲ್ಲಿ ಸ್ವಲ್ಪ ಹುರುಳೂ ಇತ್ತು. ಸಂಸ್ಥೆ ಬೆಳೆದಿತ್ತು, ನಡೆಸುವ ರೀತಿ ಬೆಳೆದಿರಲಿಲ್ಲ. ಮೇಬಲ್ ಬೋರ್ಡ್‌ಮನ್ ನೇತೃತ್ವದ ಗುಂಪು ಪಟ್ಟು ಸಡಿಲಿಸಲಿಲ್ಲ. ತನಿಖೆಯಲ್ಲಿ ಆಕೆಯ ಮೇಲಿನ ಆರೋಪ ಸಾಬೀತಾಗಲಿಲ್ಲ, ಆದರೂ 1904ರ ಮೇ ತಿಂಗಳಲ್ಲಿ ಕ್ಲಾರಾ ಹುದ್ದೆ ತೊರೆದರು.

ಆಕೆ ಹೊರನಡೆದಾಗ ಒಂದು ಕೆಲಸ ಅರ್ಧಕ್ಕೇ ನಿಂತಿತು. ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆ ಕಲಿಸುವ ವಿಭಾಗವನ್ನು 1903ರಲ್ಲಿ ರೆಡ್ ಕ್ರಾಸ್‌ನೊಳಗೆ ಶುರು ಮಾಡಲಾಗಿತ್ತು. ಹೊಸ ಆಡಳಿತ ಅದನ್ನು ಕೈಬಿಟ್ಟಿತು.

ಬಂಡಿಯಲ್ಲಿದ್ದದ್ದು ಪೆಟ್ಟಿಗೆಗೆ ಬಂತು

1905ರಲ್ಲಿ ನ್ಯಾಷನಲ್ ಫಸ್ಟ್ ಏಡ್ ಅಸೋಸಿಯೇಷನ್ ಆಫ್ ಅಮೆರಿಕ ಹುಟ್ಟಿತು. 83 ವರ್ಷದ ಕ್ಲಾರಾ ಅದರ ಗೌರವಾಧ್ಯಕ್ಷೆಯಾದರು. ಅದು ಕಾರ್ಖಾನೆ, ರೈಲು, ಗಣಿಗಳಲ್ಲಿ ಅಪಘಾತ ಮಾಮೂಲಾಗಿದ್ದ ಕಾಲ. ಕೈ ಕತ್ತರಿಸಿಕೊಂಡ ಕಾರ್ಮಿಕನ ಬಳಿ ವೈದ್ಯ ಬರುವಷ್ಟರಲ್ಲಿ ರಕ್ತ ಹರಿದುಹೋಗಿರುತ್ತಿತ್ತು. ಪಕ್ಕದಲ್ಲಿ ನಿಂತವನಿಗೆ ಗಾಯ ಒತ್ತಿ ಹಿಡಿದು ರಕ್ತ ನಿಲ್ಲಿಸುವುದು, ಮುರಿದ ಮೂಳೆ ಅಲುಗದಂತೆ ಪಟ್ಟಿ ಕಟ್ಟುವುದು ಗೊತ್ತಿದ್ದರೆ ಜೀವ ಉಳಿಯುತ್ತಿತ್ತು.

ಸಂಘ ಪ್ರಥಮ ಚಿಕಿತ್ಸೆಯ ತರಗತಿ ನಡೆಸಿತು, ಪೊಲೀಸ್ ಮತ್ತು ಅಗ್ನಿಶಾಮಕ ಠಾಣೆಗಳ ಜೊತೆ ಸೇರಿ ಆಂಬುಲೆನ್ಸ್ ದಳ ಕಟ್ಟಿತು, ಪ್ರಥಮ ಚಿಕಿತ್ಸಾ ಪೆಟ್ಟಿಗೆಗಳನ್ನು ರೂಪಿಸಿತು. ಆಂಟೀಟಮ್‌ನಲ್ಲಿ ಒಂದು ಬಂಡಿ ಮಾಡಿದ ಕೆಲಸವನ್ನು ಈಗ ಪುಟ್ಟ ಪೆಟ್ಟಿಗೆಯೂ ಅದನ್ನು ಬಳಸಬಲ್ಲ ಕೈಗಳೂ ಮಾಡಬೇಕಿತ್ತು.

ಕೆಲವೇ ವರ್ಷಗಳಲ್ಲಿ ರೆಡ್ ಕ್ರಾಸ್ ತಾನು ಕೈಬಿಟ್ಟಿದ್ದ ಪ್ರಥಮ ಚಿಕಿತ್ಸಾ ತರಬೇತಿಯನ್ನು ಮತ್ತೆ ಕೈಗೆತ್ತಿಕೊಂಡಿತು. ಅದನ್ನು ನೋಡಲು ಕ್ಲಾರಾ ಬದುಕಿದ್ದರು. 1912ರ ಏಪ್ರಿಲ್ 12ರಂದು, 90ನೇ ವಯಸ್ಸಿನಲ್ಲಿ, ಮೇರಿಲ್ಯಾಂಡ್‌ನ ಗ್ಲೆನ್ ಎಕೋದಲ್ಲಿ ಆಕೆ ಕೊನೆಯುಸಿರೆಳೆದರು. ಒಂದು ಕಾಲದಲ್ಲಿ ಪರಿಹಾರ ಸಾಮಗ್ರಿಯ ಗೋದಾಮೂ ಆಗಿದ್ದ ಆ ಮನೆ ಇಂದು ರಾಷ್ಟ್ರೀಯ ಸ್ಮಾರಕ.

ಆಕೆ ಬಿಟ್ಟುಹೋದ ಕೆಲಸ ಮಾತ್ರ ಸ್ಮಾರಕವಾಗಿ ಉಳಿದಿಲ್ಲ. ಭಾರತದಲ್ಲೂ ಇಂಡಿಯನ್ ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸಾ ತರಬೇತಿ ಕೊಡುತ್ತಿವೆ. ಪೆಟ್ಟಿಗೆ ಅನೇಕರ ಮನೆಯಲ್ಲಿದೆ. ಅದನ್ನು ತೆರೆದು ಬಳಸಲು ಮನೆಯಲ್ಲಿ ಒಬ್ಬರಿಗಾದರೂ ಬರಬೇಕು, ಅಷ್ಟೇ.