ರಕ್ತವನ್ನು ಅಳೆದ ವೈದ್ಯ: ಯಲ್ಲಾಪ್ರಗಡ ಸುಬ್ಬರಾವ್

ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರನ್ನು ನಮ್ಮ ವಿದ್ಯಾರ್ಥಿಗಳು ಹಲವು ದಿವ್ಯೌಷಧಗಳ ಜನಕರೆಂದು ಬಲ್ಲರು. ಅವರನ್ನು ಅದಕ್ಕೂ ಮೊದಲು ಒಬ್ಬ ಅಳತೆಗಾರರೆಂದು ಪರಿಚಯಿಸಬೇಕೆಂಬುದು ನನ್ನ ಆಸೆ.

1895ರಲ್ಲಿ ಭೀಮಾವರದಲ್ಲಿ ಹುಟ್ಟಿದ ಅವರದು ಬಡತನದ ಬಾಲ್ಯ. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿಯ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಗೆ ನಿಂತು ಆಂಗ್ಲ ಪ್ರಾಧ್ಯಾಪಕರ ಅವಕೃಪೆಗೆ ಪಾತ್ರರಾದರು. ಪೂರ್ಣ ಪದವಿಯ ಬದಲು ಎಲ್.ಎಂ.ಎಸ್. ಎಂಬ ಕೆಳಗಿನ ಅರ್ಹತೆ ಮಾತ್ರ ದೊರೆಯಿತು. ಅಣ್ಣ ಪುರುಷೋತ್ತಮ ಸ್ಪ್ರೂ ಎಂಬ ಕರುಳುಬೇನೆಗೆ ತುತ್ತಾದರು. 1923ರಲ್ಲಿ ಪತ್ನಿಯನ್ನು ಊರಿನಲ್ಲಿಯೇ ಬಿಟ್ಟು ಅಮೆರಿಕದ ಬಾಸ್ಟನ್ ನಗರವನ್ನು ಸೇರಿದರು. ಮರಳಿ ಬರಲೇ ಇಲ್ಲ.

ಆಸ್ಪತ್ರೆಯಲ್ಲಿ ರಾತ್ರಿಯ ಚಾಕರಿ ಮಾಡಿ ಹೊಟ್ಟೆ ಹೊರೆಯುತ್ತ ಹಾರ್ವರ್ಡಿನಲ್ಲಿ ಕಲಿತರು. 1925ರಲ್ಲಿ ಸೈರಸ್ ಫಿಸ್ಕ್ ಅವರೊಡನೆ, ರಕ್ತದಲ್ಲಿನ ರಂಜಕದ ಪ್ರಮಾಣವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಆ ವಿಧಾನವೇ ಮುಂದೆ ಸ್ನಾಯುವಿನ ಫಾಸ್ಫೋಕ್ರಿಯಾಟಿನ್ನಿಗೆ ದಾರಿ ತೋರಿತು. ಕಣ್ಣಿಗೆ ಕಾಣದುದನ್ನು ಅಳೆದೇ ಅರಿಯಬೇಕೆಂಬ ಶಿಸ್ತು ಅವರಿಗೆ ಇಲ್ಲಿ ಕೈಗೂಡಿತೆಂದು ನಾನು ತಿಳಿಯುತ್ತೇನೆ.

1940ರಲ್ಲಿ ನ್ಯೂಯಾರ್ಕ್ ಪ್ರಾಂತದ ಪರ್ಲ್ ರಿವರಿನ ಲೆಡರ್ಲಿ ಪ್ರಯೋಗಾಲಯವನ್ನು ಸೇರಿದ ಅವರು ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಸ್ಪ್ರೂ ರೋಗಿಗಳಿಗೂ ನೆರವಾದ ಫೋಲಿಕ್ ಆಮ್ಲವನ್ನು ಅವರ ತಂಡ ಸಂಶ್ಲೇಷಿಸಿತು. ಅವರ ನೇತೃತ್ವದಲ್ಲಿ ಆನೆಕಾಲು ರೋಗಕ್ಕೆ ಹೆಟ್ರಜಾನ್, ಎಂದರೆ ಡೈಈಥೈಲ್ ಕಾರ್ಬಮಜೀನ್, ಸಿದ್ಧವಾಯಿತು. 1947ರಲ್ಲಿ ಪೋರ್ಟೊರಿಕೊ ದ್ವೀಪದ ರೋಗಿಗಳಿಗೆ ಅದನ್ನು ಕೊಟ್ಟಾಗ ರಕ್ತದಲ್ಲಿನ ಸೂಕ್ಷ್ಮ ಮರಿಹುಳುಗಳು ಬೇಗನೆ ಇಳಿದವು.

ಈ ಇಳಿತವನ್ನು ಬಲ್ಲುದು ಹೇಗೆ? ರೋಗಿಯ ಕಾಲನ್ನು ನೋಡಿ ಮದ್ದಿನ ಗುಣವನ್ನು ಹೇಳಲಾಗದು. ಊದಿಕೊಂಡ ಕಾಲಿನವನ ರಕ್ತದಲ್ಲಿ ಹುಳುವಿಲ್ಲದಿರಬಹುದು. ಗಟ್ಟಿಮುಟ್ಟಾಗಿ ಕಾಣುವವನ ರಕ್ತ ಸೊಳ್ಳೆಯ ಮೂಲಕ ನೆರೆಹೊರೆಗೆ ರೋಗ ಹಂಚುತ್ತಿರಬಹುದು. ಮರಿಹುಳುಗಳು ಬಹುತೇಕ ಕಡೆ ರಾತ್ರಿ ಮಾತ್ರ ಹೊರರಕ್ತಕ್ಕೆ ಬರುತ್ತವೆಂಬುದನ್ನು ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದ ಅಮೊಯ್‌ನಲ್ಲಿ ಹಿಂದೆಯೇ ಕಂಡಿದ್ದರು. ಆದುದರಿಂದಲೇ ರಾತ್ರಿ 10ರಿಂದ 2 ಗಂಟೆಯೊಳಗೆ ಬೆರಳ ತುದಿಯ ರಕ್ತವನ್ನು ಗಾಜಿನ ಮೇಲೆ ಸವರಿ ಎಣಿಸುವ ಪದ್ಧತಿ. ಆದರೆ ಮರಿಗಳು ಅಳಿದ ಮಾತ್ರಕ್ಕೆ ತಾಯಿಹುಳು ಸತ್ತಿತೆನ್ನುವಂತಿಲ್ಲ. ಈ ಮದ್ದು ದುಗ್ಧನಾಳಗಳಲ್ಲಿ ಅಡಗಿದ ದೊಡ್ಡ ಹುಳುಗಳನ್ನೆಲ್ಲ ಕೊಲ್ಲದು. ಆ ಹುಳುವಿನ ಪ್ರತಿಜನಕವನ್ನು ಹಗಲಿನಲ್ಲಿಯೇ ತೋರುವ ಪರೀಕ್ಷಾಪಟ್ಟಿಗಳು ಈಗ ಬಂದಿವೆ. ಚಿಕಿತ್ಸೆಯ ತರುವಾಯವೂ ಆ ಗುರುತು ಬಹುಕಾಲ ಉಳಿಯಬಹುದಾದ್ದರಿಂದ ಎರಡು ಪರೀಕ್ಷೆಗಳನ್ನೂ ವಿವೇಕದಿಂದ ಓದಬೇಕು. ಹಾಗೆ ಓದದೆ ಮದ್ದು ಹಂಚುವುದನ್ನು ಅವಸರದಲ್ಲಿ ನಿಲ್ಲಿಸಿದರೆ ರೋಗ ಮತ್ತೆ ತಲೆಯೆತ್ತುವ ಭಯವುಂಟು.

1948ರ ಆಗಸ್ಟಿನಲ್ಲಿ, 53ರ ವಯಸ್ಸಿನಲ್ಲಿ, ಸುಬ್ಬರಾಯರು ಇದ್ದಕ್ಕಿದ್ದಂತೆ ತೀರಿಕೊಂಡರು. ಹಡಗೇರಿದ ಮೇಲೆ ಮತ್ತೆ ಕಾಣದ ಈ ನಾಡಿಗೆ ಅವರ ಮದ್ದು ಮಾತ್ರ ಬಂದಿತು. 2018ರಲ್ಲಿ ಮೊದಲಾದ ಮೂರು ಮದ್ದುಗಳ ಸಾಮೂಹಿಕ ಚಿಕಿತ್ಸೆಗೆ ಮೊದಲ ಹಂತದಲ್ಲಿ ಆರಿಸಿದ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಆ ಮೂರರಲ್ಲಿ ಒಂದು ಅವರದೇ. ಮದ್ದು ನುಂಗಿಸುವಲ್ಲಿಗೆ ಕೆಲಸ ಮುಗಿಯದು, ರಕ್ತವನ್ನು ಮತ್ತೆ ಮತ್ತೆ ನೋಡಬೇಕು ಎಂಬುದನ್ನು ನೆನಪಿಟ್ಟರೆ, ಅದೇ ಆ ಅಳತೆಗಾರರಿಗೆ ಸಲ್ಲುವ ಗೌರವವೆಂದು ನನ್ನ ನಂಬುಗೆ.