ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ: ಹೆನ್ರಿ ಕ್ಯಾವೆಂಡಿಶ್ ಕಥೆ

ಕ್ಯಾವೆಂಡಿಶ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಪಿಯುಸಿ ಫಿಸಿಕ್ಸ್ ಪುಸ್ತಕದ ಒಂದು ಚಿತ್ರ. ಎರಡು ದೊಡ್ಡ ಗುಂಡು, ಎರಡು ಸಣ್ಣ ಗುಂಡು, ಮಧ್ಯೆ ಒಂದು ತಂತಿ. ಜಿ ಬೆಲೆ ಬಾಯಿಪಾಠ ಮಾಡಿ, ಸಿಇಟಿ ಬರೆದು, ಅವರನ್ನ ಅಲ್ಲೇ ಬಿಟ್ಟು ಬಂದ್ವಿ. ಆದ್ರೆ ಆ ಚಿತ್ರಕ್ಕಿಂತ ಅದರ ಹಿಂದಿದ್ದ ಮನುಷ್ಯನ ಕಥೆ ನಮ್ಮಂಥವರಿಗೆ ಜಾಸ್ತಿ ಬೇಕು ಅನ್ಸುತ್ತೆ.

ಹೆನ್ರಿ ಹುಟ್ಟಿದ್ದು 1731ರಲ್ಲಿ, ಈಗ ಫ್ರಾನ್ಸಿನಲ್ಲಿರುವ ನೀಸ್ ಊರಲ್ಲಿ. ಮನೆತನ ಇಂಗ್ಲೆಂಡಿನ ಭಾರೀ ಶ್ರೀಮಂತರದ್ದು. ಅವರಿಗೆ ಎರಡು ವರ್ಷ ತುಂಬೋ ಮೊದಲೇ ತಾಯಿ ತೀರಿಕೊಂಡರು. 1749ರಲ್ಲಿ ಕೇಂಬ್ರಿಡ್ಜ್ ಸೇರಿ, 1753ರಲ್ಲಿ ಡಿಗ್ರಿ ತಗೊಳ್ಳದೇ ಹೊರಬಂದರು. (ಹೌದು, ಡಿಗ್ರಿ ಇಲ್ಲ. ಇದನ್ನ ಮನೇಲಿ ಉದಾಹರಣೆಯಾಗಿ ಬಳಸೋಕೆ ಹೋಗಬೇಡಿ.)

ಅಪರಿಚಿತರು ಎದುರು ಬಂದರೆ ಅವರಿಗೆ ಮಾತೇ ಹೊರಡ್ತಿರಲಿಲ್ಲ. ಬಂದರೂ ತಡವರಿಸುತ್ತಾ, ಕೀರಲು ದನಿಯಲ್ಲಿ. ಬಟ್ಟೆ ಯಾವಾಗಲೂ ಒಂದೇ ಹಳೇ ಫ್ಯಾಷನ್ನು. ಊಟಕ್ಕೆ ಏನು ಬೇಕು ಅಂತ ಮನೆ ನೋಡಿಕೊಳ್ಳುವವಳಿಗೆ ಚೀಟಿ ಬರೆದಿಡುತ್ತಿದ್ದರು. ಕೆಲಸದವಳು ಮೆಟ್ಟಿಲ ಮೇಲೆ ಎದುರಾದಳು ಅಂತ ಮನೆಗೆ ಇನ್ನೊಂದು ಮೆಟ್ಟಿಲನ್ನೇ ಕಟ್ಟಿಸಿದರಂತೆ. ನರರೋಗ ತಜ್ಞ ಆಲಿವರ್ ಸ್ಯಾಕ್ಸ್ 2001ರಲ್ಲಿ ಒಂದು ಲೇಖನ ಬರೆದು, ಇದು ಆಸ್ಪರ್ಜರ್ ಇರಬಹುದು, ಅಂದರೆ ಇವತ್ತು ನಾವು ಆಟಿಸಂ ಅನ್ನೋದರ ಒಂದು ರೂಪ ಅಂತ ವಾದಿಸಿದರು. ಸತ್ತು ಇನ್ನೂರು ವರ್ಷ ಆದವರಿಗೆ ಹೆಸರಿಟ್ಟು ಪರೀಕ್ಷೆ ಮಾಡೋದು ಸರಿಯಾ ಅನ್ನೋದು ಬೇರೆ ಚರ್ಚೆ. ನಮಗೆ ಇಂಟರೆಸ್ಟಿಂಗ್ ಅನಿಸಿದ್ದು ಸುತ್ತ ಇದ್ದವರು ಏನು ಮಾಡಿದರು ಅನ್ನೋದು.

ಮೊದಲು ಅಪ್ಪ. ಲಾರ್ಡ್ ಚಾರ್ಲ್ಸ್ ಸ್ವತಃ ವಿಜ್ಞಾನಿ. ಮಗ ಮಾತಾಡಲ್ಲ ಅಂತ ಮನೇಲಿ ಕೂರಿಸಲಿಲ್ಲ, ಭಾಷಣ ಮಾಡು ಅಂತ ವೇದಿಕೆಗೂ ತಳ್ಳಲಿಲ್ಲ. 1758ರಿಂದ ತಮ್ಮ ಜೊತೆ ರಾಯಲ್ ಸೊಸೈಟಿ ಸಭೆಗಳಿಗೆ ಅತಿಥಿಯಾಗಿ ಕರೆದುಕೊಂಡು ಹೋದರು. 1760ರಲ್ಲಿ ಹೆನ್ರಿ ತಾವೇ ಸದಸ್ಯರಾದರು. ಗುರುವಾರದ ಕ್ಲಬ್ ಊಟವನ್ನ ಆಮೇಲೆ ಅವರು ತಪ್ಪಿಸಿಕೊಂಡದ್ದು ಅಪರೂಪ. ಜನರಿಂದ ಓಡೋ ಮನುಷ್ಯ ವಾರವಾರ ಊಟಕ್ಕೆ ಬರ್ತಿದ್ದರು ಅಂದ್ರೆ ಅವರಿಗೆ ಜನ ಬೇಡ ಅಂತಲ್ಲ, ಅಲ್ವಾ? ಅಂಥವರನ್ನ ನೋಡಿ ನಾವು ಸುಲಭವಾಗಿ ಆಟಿಟ್ಯೂಡ್ ಅಂತ ಹೇಳಿಬಿಡ್ತೀವಿ.

ಒಮ್ಮೆ ಜೋಸೆಫ್ ಬ್ಯಾಂಕ್ಸ್ ಅವರ ಮನೆಯಲ್ಲಿ ಆಸ್ಟ್ರಿಯಾದ ಅತಿಥಿಯೊಬ್ಬರನ್ನ ಪರಿಚಯ ಮಾಡಿಸಿದರು. ಅತಿಥಿ ಎಲ್ಲರೆದುರು ಹೊಗಳಿಕೆ ಶುರು ಮಾಡಿದರು. ಕ್ಯಾವೆಂಡಿಶ್ ತಲೆ ಬಗ್ಗಿಸಿ ನಿಂತಿದ್ದವರು, ಗುಂಪಿನಲ್ಲಿ ಸಣ್ಣ ಜಾಗ ಕಂಡದ್ದೇ ಹೊರಗೆ ಓಡಿ, ಗಾಡಿ ಹತ್ತಿ ಸೀದಾ ಮನೆಗೆ ಹೋದರು. ಹೊಗಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಫ್ರೆಶರ್ಸ್ ಡೇ ದಿನ ಮೈಕ್ ಕೈಗೆ ಕೊಡೋ ನಮ್ಮ ಸೀನಿಯರ್‌ಗಳಿಗೂ ಇರಲ್ಲ.

ಗೊತ್ತಿದ್ದವರು ಮಾತ್ರ ಒಂದು ಉಪಾಯ ಕಂಡುಕೊಂಡಿದ್ದರು. ಹೊಸಬರಿಗೆ ಮೊದಲೇ ಹೇಳಿಡೋರು: ಅವರ ಮುಖ ನೋಡಬೇಡಿ, ಪಕ್ಕದಲ್ಲಿ ನಿಂತು ಖಾಲಿ ಗಾಳಿ ಜೊತೆ ಮಾತಾಡೋ ಹಾಗೆ ವಿಷಯ ಹೇಳಿ. ವಿಷಯ ಚೆನ್ನಾಗಿದ್ದರೆ ಉತ್ತರ ಬರ್ತಿತ್ತು. ಖರ್ಚಿಲ್ಲ, ಕಮಿಟಿ ಇಲ್ಲ, ಪೋಸ್ಟರ್ ಇಲ್ಲ. ಅಷ್ಟರಿಂದಲೇ ಆ ಕೋಣೆಯಲ್ಲಿ ಅವರು ಸುಮಾರು ಐವತ್ತು ವರ್ಷ ಉಳಿದರು.

ಆ ವರ್ಷಗಳಲ್ಲಿ ಆದ ಕೆಲಸ ನೋಡಿ. 1766ರಲ್ಲಿ ಹೈಡ್ರೋಜನ್ ಬೇರೆಯೇ ಒಂದು ಅನಿಲ ಅಂತ ತೋರಿಸಿದರು. 1797-98ರಲ್ಲಿ, ಅರವತ್ತಾರರ ಆಸುಪಾಸಿನಲ್ಲಿ, ಆ ಪ್ರಸಿದ್ಧ ತಂತಿ ಪ್ರಯೋಗ. ಗೆಳೆಯ ಜಾನ್ ಮಿಚೆಲ್ ಮಾಡಿಟ್ಟು ತೀರಿಕೊಂಡಿದ್ದ ಉಪಕರಣವನ್ನ ಮತ್ತೆ ಕಟ್ಟಿದರು. ದೊಡ್ಡ ಸೀಸದ ಗುಂಡು ಒಂದೊಂದೂ ಸುಮಾರು 158 ಕಿಲೋ. ಹತ್ತಿರ ನಿಂತರೆ ಮೈ ಬಿಸಿಗೇ ಗಾಳಿ ಕದಲಿ ಅಳತೆ ಕೆಡುತ್ತೆ ಅಂತ ಕೋಣೆ ಮುಚ್ಚಿ, ಗೋಡೆಯ ತೂತಿನಿಂದ ಟೆಲಿಸ್ಕೋಪಿನಲ್ಲಿ ನೋಡಿದರು. ಸೂಕ್ಷ್ಮವಾದದ್ದನ್ನ ದೂರದಿಂದ, ಕದಲಿಸದೇ ನೋಡೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಅಂತ ಬಂತು. ಇವತ್ತಿನ ಲೆಕ್ಕ 5.51.

ಒಂದು ಮಾತು ಹೇಳಲೇಬೇಕು. ಎರಡನೇ ಮೆಟ್ಟಿಲು ಕಟ್ಟಿಸೋಕೆ ಅವರ ಹತ್ತಿರ ದುಡ್ಡಿತ್ತು. ಅದೇ ಸ್ವಭಾವದ ಬಡ ಹುಡುಗನಿಗೆ ಆ ಲಂಡನ್ನಿನಲ್ಲಿ ಯಾರು ಜಾಗ ಬಿಡ್ತಿದ್ದರು? ಹಾಗೇ, ಕ್ಲಬ್ಬಿನವರ ಉಪಾಯವೂ ಅರ್ಧ ದಾರಿ ಮಾತ್ರ ಅಂತ ನಮಗೆ ಅನ್ಸುತ್ತೆ. ಅವರನ್ನ ಕೂರಿಸಿಕೊಂಡರು, ಆದ್ರೆ ಮನೆಯಲ್ಲಿ ರಾಶಿ ಬಿದ್ದಿದ್ದ ಹಾಳೆಗಳು ಹೊರಗೆ ಬರಲಿಲ್ಲ. ಬದುಕಿದ್ದಾಗ ಪ್ರಕಟವಾದದ್ದು 20ಕ್ಕಿಂತ ಕಡಿಮೆ ಪ್ರಬಂಧ. 1810ರಲ್ಲಿ ತೀರಿಕೊಂಡರು.

ಆ ಹಾಳೆಗಳಲ್ಲಿ ವಿದ್ಯುತ್ತಿಗೆ ಸೇರಿದವನ್ನ ಮ್ಯಾಕ್ಸ್‌ವೆಲ್ ಕೂತು ಓದಿ 1879ರಲ್ಲಿ ಅಚ್ಚು ಹಾಕಿಸಿದರು. ಕೂಲಂಬ್ ನಿಯಮ ಕೂಲಂಬ್‌ಗಿಂತ ಮೊದಲೇ ಅಲ್ಲಿತ್ತು. ಓಮ್ಸ್ ನಿಯಮದ ಗುರುತು ಕೂಡ. ಗ್ಯಾಲ್ವನೋಮೀಟರ್ ಇನ್ನೂ ಹುಟ್ಟಿರದ ಕಾಲ, ಹಾಗಾಗಿ ಕ್ಯಾವೆಂಡಿಶ್ ತಮ್ಮ ಮೈಗೇ ಶಾಕ್ ಕೊಟ್ಟುಕೊಂಡು, ಯಾವುದು ಜೋರು ಅಂತ ಹೋಲಿಸಿ ಅಳೆದಿದ್ದರು. ಹೀಗೂ ಅಳೆಯೋಕಾಗುತ್ತಾ ಅಂತ ಮ್ಯಾಕ್ಸ್‌ವೆಲ್ ಕೇಂಬ್ರಿಡ್ಜ್‌ನಲ್ಲಿ ಆ ಪ್ರಯೋಗವನ್ನ ಮತ್ತೆ ಮಾಡಿ ನೋಡಿದರು, ಲ್ಯಾಬ್ ನೋಡೋಕೆ ಬಂದ ಅತಿಥಿಗಳ ಕೈಯನ್ನೂ ತಂತಿಗೆ ಹಿಡಿಸಿ.